ಗ್ರ್ಯಾಂಟ್ ರೋಡಿನ ಹತ್ತು ರೂಪಾಯಿ ಬಿಲ್ಲೆ

ಮೊದಲೇ ಹೇಳಿಬಿಡ್ತೀನಿ, ಮುಂಬೈಯ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ, ಲ್ಯಾಮಿಂಗ್ಟನ್ ರೋಡಿಗೆ ಭಾನುವಾರ ಹೋಗಬೇಡಿ. ಅಂಗಡಿಗಳೆಲ್ಲ ಹೆಚ್ಚುಕಮ್ಮಿ ಬಂದ್. ಪಿಎಚ್‌ಡಿಗೆ ಸೇರಿದ ಹೊಸದರಲ್ಲಿ ನಾನು ಹಾಗೇ ಹೋಗಿ, ಸುಮ್ನೆ ಒಂದು ವಡಾಪಾವ್ ತಿಂದು ಪವಾಯಿಗೆ ವಾಪಸ್ ಬಂದವಳು.

ಮರುದಿನ ಸಿಕ್ಕಿದ್ದು ಈ ಅಂಗಡಿ. ಅಂಗಡಿ ಅನ್ನೋದಕ್ಕಿಂತ ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿ. ಇಬ್ಬರು ನಿಂತರೆ ಮೂರನೆಯವರು ಫುಟ್‌ಪಾತಿನಲ್ಲಿ. ಮಾಲೀಕರು ಕಾರ್ಕಳದ ಕಡೆಯವರು. ನನ್ನ ಧಾರವಾಡದ ಹಿಂದಿ ಕೇಳಿ, "ಕನ್ನಡದಲ್ಲೇ ಹೇಳಿ ಮಾರಾಯ್ರೆ" ಅಂದರು.

ನನಗೆ ಬೇಕಿದ್ದದ್ದು ಪೀಜೋ ಬಿಲ್ಲೆ. ಬಜರ್ ಒಳಗೆ ಹಿತ್ತಾಳೆ ತಟ್ಟೆಗೆ ಬಿಳಿ ಸೆರಾಮಿಕ್ ಅಂಟಿಸಿರುತ್ತಾರಲ್ಲ, ಅದು. 27 ಮಿಲಿಮೀಟರಿನದು. ವೋಲ್ಟೇಜ್ ಕೊಟ್ಟರೆ ಕಣ್ಣಿಗೆ ಕಾಣದಷ್ಟು ಬಾಗುತ್ತೆ. ಲ್ಯಾಬಿನಲ್ಲಿದ್ದ ನ್ಯಾನೋ ಸ್ಟೇಜಿನ, ಅಂದರೆ ವಸ್ತುವನ್ನು ನ್ಯಾನೋಮೀಟರ್ ಲೆಕ್ಕದಲ್ಲಿ ಜರುಗಿಸುವ ಪೀಠದ, ಒಳಗಿನ ಜೀವವೂ ಪೀಜೋನೇ, ಬೆಲೆ ಮಾತ್ರ ಲಕ್ಷಗಳಲ್ಲಿ. ಅದನ್ನು ಮುಟ್ಟಲು ಕೈ ನಡುಗುತ್ತಿತ್ತು. ಸುಟ್ಟರೂ ಚಿಂತೆಯಿಲ್ಲದ ಒಂದು ಬೇಕಿತ್ತು. ಹತ್ತು ರೂಪಾಯಿ ಅಂದರು. ಒಂದೇ ಒಂದು ಕೊಂಡರೂ ಮುಖ ಸಿಂಡರಿಸಲಿಲ್ಲ. ಈ ರಸ್ತೆಯಲ್ಲಿ ಅದು ಸಣ್ಣ ವಿಷಯ ಅಲ್ಲ.

ಮೊದಲನೆಯದನ್ನು ಕೆಡಿಸಿಕೊಂಡು ಮತ್ತೆ ಹೋದಾಗ ಅಂಗಡಿಯ ಕಾಕಾ ತಾವೇ ವೈರ್ ಬೆಸೆದು ತೋರಿಸಿದರು. "ಎರಡು ಸೆಕೆಂಡ್ ಅಷ್ಟೆ. ಜಾಸ್ತಿ ಹೊತ್ತು ಕಾಯಿಸಿದ್ರೆ ಬೆಳ್ಳಿ ಎದ್ದು ಬರ್ತದೆ." ಬಿಲ್ಲೆಯ ಮೇಲಿನ ಬೆಳ್ಳಿ ಲೇಪ ಅಷ್ಟು ತೆಳು. ಇದನ್ನು ನನಗೆ ಯಾವ ಪೇಪರೂ ಹೇಳಿರಲಿಲ್ಲ.

ಪೀಜೋಗೆ ಒಂದು ಚಾಳಿ ಇದೆ. ವೋಲ್ಟೇಜ್ ಏರಿಸುವಾಗ ಒಂದು ದಾರಿ, ಇಳಿಸುವಾಗ ಇನ್ನೊಂದು. ಇದೇ ಹಿಸ್ಟೆರಿಸಿಸ್. ಪೂರ್ತಿ ಓಟದಲ್ಲಿ ಶೇಕಡಾ 10–15ರಷ್ಟು ತಪ್ಪುವುದು ಮಾಮೂಲು. ಅದೂ ಸಾಲದೆ, ನಿಲ್ಲಿಸಿದ ಮೇಲೂ ಮೆಲ್ಲಗೆ ಜಾರುತ್ತಲೇ ಇರುತ್ತೆ. 1986ರಲ್ಲಿ ಬಂದ, ಸೂಜಿಮೊನೆಯಿಂದ ಮೇಲ್ಮೈ ತಡವಿ ಚಿತ್ರ ತೆಗೆಯುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಲ್ಲಿ ಸೂಜಿಯನ್ನೋ ಸ್ಯಾಂಪಲನ್ನೋ ಜರುಗಿಸುವುದು ಪೀಜೋ. ಅದು ತಪ್ಪಿದರೆ ಚಿತ್ರವೇ ಸೊಟ್ಟ. ಪೀಜೋವನ್ನು ಫೀಡ್‌ಬ್ಯಾಕ್ ಕೊಟ್ಟು, ಅಂದರೆ ಎಷ್ಟು ತಪ್ಪಿತೆಂದು ಅಳೆದು ಅಲ್ಲಲ್ಲೇ ತಿದ್ದಿ, ದಾರಿಗೆ ತರುವುದರಲ್ಲೇ ನನ್ನ ಆರು ವರ್ಷ, ಅರ್ಧ ತಲೆಗೂದಲು ಹೋದವು.

ಈಗ ನವಿ ಮುಂಬೈಯ ಒಂದು ಕಾಲೇಜಿನಲ್ಲಿ ಕಂಟ್ರೋಲ್ ಎಂಜಿನಿಯರಿಂಗ್ ಪಾಠ ಮಾಡ್ತೀನಿ. ವಾಶಿಯಿಂದ ಕುರ್ಲಾ, ದಾದರ್, ಗ್ರ್ಯಾಂಟ್ ರೋಡ್, ಮೂರು ಟ್ರೈನ್ ಬದಲಿಸಿ ಇನ್ನೂ ಅಲ್ಲಿಗೇ ಹೋಗ್ತೀನಿ. ಕ್ಲಾಸಿನಲ್ಲಿ ಬಿಲ್ಲೆಯ ಒಂದು ಅಂಚನ್ನು ಬಿಗಿದು, ಇನ್ನೊಂದು ಅಂಚಿಗೆ ಚೂರು ಕನ್ನಡಿ ಅಂಟಿಸಿ ಲೇಸರ್ ಬಿಟ್ಟರೆ ಎದುರು ಗೋಡೆಯ ಮೇಲೆ ಚುಕ್ಕಿ ಸರಿಯುತ್ತೆ. ವೋಲ್ಟೇಜ್ ಸೊನ್ನೆಗೆ ಇಳಿಸಿದ ಮೇಲೂ ಅದು ಹೊರಟ ಜಾಗಕ್ಕೆ ಸರಿಯಾಗಿ ಬರಲ್ಲ. ಹಿಂದಿನ ಬೆಂಚಿನವರೂ ಆಗ ಎದ್ದು ನಿಲ್ಲುತ್ತಾರೆ.

ದೂರೂ ಇದೆ. ಡೇಟಾಶೀಟ್, ಅಂದರೆ ಬಿಲ್ಲೆಯ ಗುಣಗಳ ಪಟ್ಟಿ, ಕೇಳಿದರೆ ನಗುತ್ತಾರೆ. ಒಂದೇ ಡಬ್ಬದ ಎರಡು ಬಿಲ್ಲೆ ಒಂದೇ ಥರ ಬಾಗಲ್ಲ. ಹೋದ ಸಲ ತಂದ ಇಪ್ಪತ್ತರಲ್ಲಿ ಮೂರು ಬಿರುಕು ಬಿಟ್ಟಿದ್ದವು, ವಾಪಸ್ ತಗೊಳ್ಳಲಿಲ್ಲ. ಒಳ್ಳೆಯ ಬಿಲ್ಲೆಯನ್ನು ಬೆರಳಲ್ಲಿ ತಟ್ಟಿದರೆ ವೋಲ್ಟೇಜ್ ಹುಟ್ಟಿ ಮೀಟರ್ ಕುಣಿಯಬೇಕು. ಕೌಂಟರಿನಲ್ಲೇ ತಟ್ಟಿ ನೋಡಿ ತಗೊಳ್ಳಿ, ಅದಕ್ಕೆ ಅವರು ಬೇಡ ಅನ್ನಲ್ಲ. ಬಿಲ್ ಕೈಬರಹದ್ದು. ನಮ್ಮ ಅಕೌಂಟ್ಸಿನವರು ಅದನ್ನು ಪಾಸ್ ಮಾಡಲ್ಲ, ಹಾಗಾಗಿ ಬಿಲ್ಲೆಗಳ ದುಡ್ಡು ನನ್ನದೇ.

ಮಧ್ಯಾಹ್ನ ಎರಡಕ್ಕೆ ಶಟರ್ ಅರ್ಧ ಇಳಿದಿರುತ್ತೆ. ಬಗ್ಗಿ ಕನ್ನಡದಲ್ಲಿ ಕೂಗಿ. ಊಟದ ಡಬ್ಬಿ ಪಕ್ಕಕ್ಕಿಟ್ಟು ಬರುತ್ತಾರೆ.