ಸ್ವಂತ ಪಾರ್ಕಿಂಗ್ ಇಲ್ಲದವರು ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ ಗಮನಿಸಿ

ಬಾಡಿಗೆ ಮನೆಯಲ್ಲಿದ್ದು ಕಾರನ್ನು ಬೀದಿಯಲ್ಲೇ ನಿಲ್ಲಿಸುವವರು, "ನಿಮ್ಮ ಬಡಾವಣೆಯಲ್ಲೇ ಸಾರ್ವಜನಿಕ ಚಾರ್ಜರ್ ಇದೆಯಲ್ಲ" ಎಂಬ ಮಾರಾಟಗಾರರ ಮಾತನ್ನಷ್ಟೇ ನೆಚ್ಚಿಕೊಂಡು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಳ್ಳಬಾರದು. ನನಗೆ ಹಾಗೆ ಹೇಳಿದವರು ಸುಳ್ಳು ಹೇಳಿರಲಿಲ್ಲ. ಚಾರ್ಜರ್ ಇತ್ತು, ನಡೆದು ಹೋಗುವಷ್ಟು ಹತ್ತಿರದಲ್ಲೇ ಇತ್ತು, ಆ್ಯಪಿನ ನಕ್ಷೆಯಲ್ಲಿ 'ಲಭ್ಯ' ಎಂದು ಹಸಿರು ಬಣ್ಣದಲ್ಲಿ ಕಾಣುತ್ತಲೂ ಇತ್ತು. ಅದರಿಂದ ಕಾರಿಗೆ ವಿದ್ಯುತ್ ಹರಿಯುವುದು ಮಾತ್ರ ಅಪರೂಪವಾಗಿತ್ತು.

ಆ ಯಂತ್ರದ ಎರಡು ಗನ್‌ಗಳಲ್ಲಿ, ಅಂದರೆ ಕಾರಿಗೆ ಸಿಕ್ಕಿಸುವ ಹಿಡಿಕೆಗಳಲ್ಲಿ, ಒಂದರ ಕೊಂಡಿ ಮುರಿದಿತ್ತು. ಪರದೆ ಬಿಸಿಲಿಗೆ ಬೆಳ್ಳಗಾಗಿ, ಕೈಯಿಂದ ನೆರಳು ಮಾಡಿಕೊಂಡರಷ್ಟೇ ಅಕ್ಷರ ಕಾಣುತ್ತಿತ್ತು. ಇನ್ನೊಂದು ಗನ್ ಸಿಕ್ಕಿಸಿದರೆ ಕೆಲವು ನಿಮಿಷ 'ಪರಿಶೀಲಿಸಲಾಗುತ್ತಿದೆ' ಎಂದು ತೋರಿಸಿ, ಕಡೆಗೆ 'ಸಂಪರ್ಕ ವಿಫಲ' ಎಂದು ನಿಂತುಬಿಡುತ್ತಿತ್ತು. ಇಷ್ಟಾದರೂ ಆ್ಯಪಿನಲ್ಲಿ ಹಸಿರು ಬಣ್ಣ ಅಳಿಯುತ್ತಿರಲಿಲ್ಲ. ಯಂತ್ರವು ಕಂಪನಿಯ ಸರ್ವರ್‌ಗೆ ಉತ್ತರಿಸುತ್ತಿದ್ದರೆ ಸಾಕು, ಅದನ್ನು ಸುಸ್ಥಿತಿಯಲ್ಲಿದೆ ಎಂದು ಲೆಕ್ಕ ಹಾಕುವ ವ್ಯವಸ್ಥೆ ಅದು. ಗನ್‌ನ ತುದಿಯವರೆಗೆ ವಿದ್ಯುತ್ ಬರುತ್ತದೆಯೇ ಎಂಬುದನ್ನು ಅಲ್ಲಿ ಯಾರೂ ನೋಡುವುದಿಲ್ಲ.

ಇದು ನನ್ನೊಬ್ಬರ ದುರದೃಷ್ಟವೂ ಅಲ್ಲ, ಬಡ ಬಡಾವಣೆಗಳಿಗೇ ಸೀಮಿತವಾದ ತೊಂದರೆಯೂ ಅಲ್ಲ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸಾರ್ವಜನಿಕ ವೇಗದ ಚಾರ್ಜರ್‌ಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿದಾಗ, 657ರಲ್ಲಿ ಕೆಲಸ ಮಾಡುತ್ತಿದ್ದವು ಶೇ. 72.5 ಮಾತ್ರ. ಆದರೆ ಮನೆಯಂಗಳದಲ್ಲಿ ಪ್ಲಗ್ ಇರುವವರಿಗೆ ಕೆಟ್ಟ ಚಾರ್ಜರ್ ಒಂದು ಕಿರಿಕಿರಿ. ಅದೊಂದನ್ನೇ ನಂಬಿದವರಿಗೆ ಮರುದಿನದ ದುಡಿಮೆಯೇ ತಪ್ಪಿಹೋಗುತ್ತದೆ. ಬಳಕೆ ಕಡಿಮೆ ಇರುವ ಕಡೆ ಆದಾಯ ಕಡಿಮೆ, ಆದಾಯ ಕಡಿಮೆ ಇರುವ ಕಡೆ ರಿಪೇರಿಯವರು ಬರುವುದು ನಿಧಾನ, ರಿಪೇರಿಯಾಗದ ಯಂತ್ರದ ಬಳಿ ಜನ ಸುಳಿಯುವುದಿಲ್ಲವಾದ್ದರಿಂದ ಬಳಕೆ ಮತ್ತಷ್ಟು ಕಡಿಮೆ. ಕೊನೆಗೆ "ಆ ಕಡೆಯವರಿಗೆ ಬೇಡಿಕೆಯೇ ಇಲ್ಲ" ಎಂಬ ವರದಿ ಸಿದ್ಧವಾಗುತ್ತದೆ. ದೂರು ಕೊಡಲು ಫೋನ್ ಮಾಡಿದಾಗ ಕಂಪನಿಯವರು ಇದೇ ಮಾತನ್ನು ನನಗೂ ಹೇಳಿದರು.

ಹಣದ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ್ಯಪಿನ ವ್ಯಾಲೆಟ್‌ಗೆ ಮೊದಲೇ ದುಡ್ಡು ತುಂಬಿಸಬೇಕು. ಚಾರ್ಜಿಂಗ್ ವಿಫಲವಾದರೂ ಮೊತ್ತ ಕಡಿತವಾಗಿ, ಮರಳಿ ಬಂದಾಗ ಅದು ಬ್ಯಾಂಕ್ ಖಾತೆಗೆ ಬಾರದೆ ವ್ಯಾಲೆಟ್‌ನಲ್ಲೇ ಉಳಿಯುತ್ತದೆ. ಸ್ಮಾರ್ಟ್‌ಫೋನ್ ಮತ್ತು ಡೇಟಾ ಇಲ್ಲದವರ ಪಾಲಿಗೆ ಆ ಯಂತ್ರ ಇದ್ದೂ ಇಲ್ಲದಂತೆ. ಎಲ್ಲೆಡೆಯೂ ಹೀಗಿರಬೇಕೆಂದೇನಿಲ್ಲ: ಯುರೋಪಿನ ಒಕ್ಕೂಟದಲ್ಲಿ 2024ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ 50 ಕಿಲೋವ್ಯಾಟ್ ಹಾಗೂ ಅದಕ್ಕೂ ಮೇಲಿನ ಸಾರ್ವಜನಿಕ ಚಾರ್ಜರ್‌ಗಳು ಬ್ಯಾಂಕ್ ಕಾರ್ಡನ್ನು ನೇರವಾಗಿ ಸ್ವೀಕರಿಸಲೇಬೇಕು.

ದರ ಯೂನಿಟ್ಟಿಗೋ ನಿಮಿಷಕ್ಕೋ ಎಂಬುದನ್ನು ಮೊದಲು ಕೇಳಿ. ಕಂಬದ ಮೇಲೆ 22 ಕಿಲೋವ್ಯಾಟ್ ಎಂದು ಬರೆದಿದ್ದರೂ, ಎಸಿ ಚಾರ್ಜಿಂಗ್‌ನಲ್ಲಿ (ಮನೆಗೆ ಬರುವಂಥ ಪರ್ಯಾಯ ವಿದ್ಯುತ್ತಿನಿಂದ ಮಾಡುವ ನಿಧಾನದ ಚಾರ್ಜಿಂಗ್) ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾಗಿದ್ದರೆ ಅಷ್ಟೇ ವಿದ್ಯುತ್ ಒಳಹೋಗುವುದು. ನಿಮಿಷದ ದರವಿದ್ದಲ್ಲಿ ಹಳೆಯ ಕಾರಿನವರು ಅದೇ ಒಂದು ಯೂನಿಟ್ಟಿಗೆ ಹೊಸ ಕಾರಿನವರ ಹಲವು ಪಟ್ಟು ತೆರುತ್ತಾರೆ. ಹಳೆಯ ಕಾರು ಕೊಳ್ಳುವವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್‌ನಲ್ಲಂತೂ ಮನೆಯ ವಿದ್ಯುತ್ತಿಗೆ ಶೇ. 5 ತೆರಿಗೆ, ಬೀದಿಯ ಚಾರ್ಜರ್‌ಗೆ ಶೇ. 20 ಎಂಬ ತಾರತಮ್ಯ ವರ್ಷಗಟ್ಟಲೆ ನಡೆದುಬಂದಿದೆ.

ಹಾಗಾಗಿ ಮುಂಗಡ ಕೊಡುವ ಮುನ್ನ, ಕೊಳ್ಳಲಿರುವ ಅದೇ ಕಾರನ್ನು ಅದೇ ಚಾರ್ಜರ್‌ಗೆ ಒಯ್ದು, ನೀವು ನಿಜವಾಗಿ ಚಾರ್ಜ್ ಮಾಡುವ ಹೊತ್ತಿನಲ್ಲೇ ಅರ್ಧ ಗಂಟೆ ಚಾರ್ಜ್ ಮಾಡಿ ನೋಡಿ. ಚಾರ್ಜರ್ ರಾತ್ರಿ ಗೇಟು ಮುಚ್ಚುವ ಆವರಣದಲ್ಲಿದ್ದರೆ ಅದು ನಿಮ್ಮ ಉಪಯೋಗಕ್ಕೆ ಬಾರದು. ಕಾರಿನ ವೇಗದ ಚಾರ್ಜಿಂಗ್ ಸಾಕೆಟ್ ಚಾಡೆಮೊ ಎಂಬ ಜಪಾನಿ ಮಾದರಿಯದಾಗಿದ್ದರೆ ಎರಡು ಸಲ ಯೋಚಿಸಿ, ಯುರೋಪ್ ಮತ್ತು ಅಮೆರಿಕಗಳಲ್ಲಿ ಹೊಸ ಚಾರ್ಜರ್‌ಗಳು ಹೆಚ್ಚಾಗಿ ಆ ಮಾದರಿಯನ್ನು ಕೈಬಿಡುತ್ತಿವೆ. ಬೇರೆ ದಾರಿ ಕಾಣದೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆಯುವ ಆಲೋಚನೆ ಬಂದರೆ ಅದನ್ನು ಖಂಡಿತ ಬಿಡಿ. ಗಂಟೆಗಟ್ಟಲೆ ಎಡೆಬಿಡದೆ ಹರಿಯುವ ವಿದ್ಯುತ್ತಿನ ಬಿಸಿಗೆ ಸಾಮಾನ್ಯ ವೈರು ಕರಗಿ ಬೆಂಕಿ ಹತ್ತಬಹುದು.

ಸರ್ಕಾರದ ಹಣದಿಂದ ಸ್ಥಾಪಿಸಿದ ಚಾರ್ಜರ್ ಆಗಿದ್ದರೆ, ಕಂಪನಿಯ ಜೊತೆಗೆ ಹಣ ಕೊಟ್ಟ ಇಲಾಖೆಗೂ ಲಿಖಿತವಾಗಿ ದೂರು ಸಲ್ಲಿಸಿ. ಅಮೆರಿಕದ ಕೇಂದ್ರ ಸರ್ಕಾರ 2023ರಲ್ಲಿ, ತನ್ನ ಅನುದಾನದ ಚಾರ್ಜರ್‌ಗಳು ವರ್ಷದಲ್ಲಿ ಶೇ. 97ಕ್ಕೂ ಹೆಚ್ಚಿನ ಸಮಯ ಚಾಲ್ತಿಯಲ್ಲಿರಬೇಕೆಂಬ ಷರತ್ತು ಹಾಕಿತ್ತು. ನಿಮ್ಮಲ್ಲೂ ಅಂಥ ಷರತ್ತು ಇದೆಯೇ ಎಂದು ಆ ದೂರಿನಲ್ಲೇ ಕೇಳಿ. ಯಂತ್ರದ ಮೇಲಿನ ಸಂಖ್ಯೆ, ವಿಫಲವಾದ ಪರದೆಯ ಫೋಟೊ ಮತ್ತು ಅದೇ ಕ್ಷಣದಲ್ಲಿ 'ಲಭ್ಯ' ಎನ್ನುತ್ತಿದ್ದ ಆ್ಯಪಿನ ಸ್ಕ್ರೀನ್‌ಶಾಟ್, ಈ ಮೂರನ್ನೂ ಲಗತ್ತಿಸಿ.