ತಾಮ್ರ ಬಡಿಯಲು ಒಂದೇ ಸುತ್ತಿಗೆ: 300 ಗ್ರಾಮಿನ ಬಾಲ್ ಪೀನ್

ತಾಮ್ರದ ತಗಡು ಬಡಿದು ಬಟ್ಟಲು, ತಟ್ಟೆ ಮಾಡುವ ಹವ್ಯಾಸ ಹಿಡಿದು ಹಲವು ವರ್ಷಗಳಾದವು. ಅಷ್ಟೂ ಕೆಲಸ ನಡೆದದ್ದು ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ಒಂದೇ ಸುತ್ತಿಗೆಯಿಂದ. 300 ಗ್ರಾಂ ತೂಕ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಂಡು, ಮರದ ಕಾವು (ಹಿಡಿಕೆ). ಜೊತೆಗೆ ಕುಳಿ ತೋಡಿದ ಜಾಲಿ ಕೊರಡು, ಇಕ್ಕಳ, ಗ್ಯಾಸ್ ಟಾರ್ಚ್. ಇಷ್ಟಿದ್ದರೆ ಸಾಕು.

ಆದರೆ ಅಂಗಡಿಯಿಂದ ತಂದ ಹಾಗೇ ಇದು ತಾಮ್ರಕ್ಕೆ ಒದಗುವುದಿಲ್ಲ. ಗುಂಡಿನ ಮೇಲೆ ಗ್ರೈಂಡರ್ ಗೆರೆಗಳಿರುತ್ತವೆ, ಚಪ್ಪಟೆ ಮುಖದ ಅಂಚು ಚೂಪಾಗಿರುತ್ತದೆ. ನಮ್ಮ ಓಣಿಯಲ್ಲಿ ಹಿಂದೆ ಪಾತ್ರೆ ಕೆಲಸ ಮಾಡುತ್ತಿದ್ದ ಕಾಕಾ ಹೇಳಿದ್ದು: "ಮದ್ಲ ಸುತ್ತಗಿ ಮಾರಿ ನೋಡಪಾ. ಅದು ಹೆಂಗೈತೋ ತಾಮ್ರನೂ ಹಂಗ ಆಕ್ಕೇತಿ." ಅಕ್ಷರಶಃ ನಿಜ. ಅಂಚು ತಾಗಿದಲ್ಲಿ ಬೀಳುವ ಅರ್ಧಚಂದ್ರದ ಗಾಯ ಎಷ್ಟು ಉಜ್ಜಿದರೂ ಸುಲಭಕ್ಕೆ ಹೋಗದು. ಮುಖಕ್ಕೆ ಹದ ಕೊಟ್ಟು ಗಟ್ಟಿ ಮಾಡಿರುವುದರಿಂದ ಅರ ಹಾಕಿದರೆ ಜಾರುತ್ತದೆ. 120ರ ಒರಟು ಎಮರಿ ಪೇಪರ್‌ನಿಂದ ಶುರು ಮಾಡಿ ಇನ್ನೂ ನುಣುಪಾದ 400, 800, 1500ಕ್ಕೆ ಹೋಗಿ, ಕೊನೆಗೆ ಬಟ್ಟೆಗೆ ಪಾಲಿಶ್ ಹಚ್ಚಿ ತಿಕ್ಕಬೇಕು. ಗ್ರೈಂಡರಿಗೆ ಹಿಡಿದು ಉಕ್ಕು ನೀಲಿಗೆ ತಿರುಗಿತೆಂದರೆ ಹದ ಹೋಯಿತು. ಮುಖದಲ್ಲಿ ಟ್ಯೂಬ್‌ಲೈಟ್ ಕಾಣುವಷ್ಟು ಹೊಳಪು ಬಂದ ಮೇಲೆಯೇ ನನಗೆ ಈ ಸುತ್ತಿಗೆಯ ಬೆಲೆ ತಿಳಿದದ್ದು.

22 ಗೇಜಿನ (ಸುಮಾರು 0.7 ಮಿ.ಮೀ. ದಪ್ಪದ) ತಗಡಿಗೆ ಈ ಸುತ್ತಿಗೆಯ ತೂಕ ಸರಿಯಾಗಿದೆ. 6 ಇಂಚಿನ ವೃತ್ತ ಕತ್ತರಿಸಿದರೆ ಸುಮಾರು 115 ಗ್ರಾಂ ತಾಮ್ರ. ಅಂಚಿನ ಹತ್ತಿರದಿಂದ ಸುತ್ತುಸುತ್ತಾಗಿ ಒಳಕ್ಕೆ ಗುಂಡಿನಿಂದ ಬಡಿಯುತ್ತ ಬಂದರೆ ತಗಡು ಕುಳಿಗೆ ಇಳಿಯುತ್ತದೆ. ಮೊದಮೊದಲು ಸದ್ದು ಮಂದ. ಬಡಿದಂತೆಲ್ಲ ತಾಮ್ರ ಬಿರುಸಾಗಿ ಠಣ್ ಎನ್ನತೊಡಗುತ್ತದೆ. ಆಗ ನಿಲ್ಲಿಸಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ. ನೆರಳಿನಲ್ಲಿ ಮಬ್ಬು ಕೆಂಪು ಕಾಣುವವರೆಗೆ ಕಾಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನಂತೆ ನೀರಿಗೆ ಬಿದ್ದು ಗಟ್ಟಿಯಾಗುವ ಜಾತಿ ತಾಮ್ರದ್ದಲ್ಲ. ಕಾಸಿದಾಗ ಹಿಡಿದ ಕಪ್ಪು ತೆಗೆಯಲು ಹುಣಸೆಹಣ್ಣು, ಉಪ್ಪು. ಇನ್ನೂ ದಪ್ಪನೆಯ 18 ಗೇಜಿಗೆ ಮಾತ್ರ ಈ ಸುತ್ತಿಗೆ ಹಗುರ, ಮೊಣಕೈ ಹಿಡಿದುಕೊಳ್ಳುತ್ತದೆ.

ದೊಡ್ಡ ತಕರಾರು ಕಾವಿನದು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಮರ ಒಣಗಿ ತಲೆ ಅಲುಗಾಡತೊಡಗಿತು. ನೀರಲ್ಲಿ ನೆನೆಹಾಕಿ ಎನ್ನುವವರಿದ್ದಾರೆ; ಉಬ್ಬಿದ ಮರ ಒಣಗಿದಾಗ ಇನ್ನೂ ಸಡಿಲವಾಗುತ್ತದೆ. ನಾನು ಜಾಲಿಯ ಹೊಸ ಕಾವು ಕೂರಿಸಿ, ಬೆಣೆ ಹೊಡೆದು, ಅಗಸೆ ಎಣ್ಣೆ ಕುಡಿಸಿದೆ. ಅಲ್ಲಿಂದ ಅಲುಗಾಡಿಲ್ಲ.

ಮಳೆಗಾಲದಲ್ಲಿ ಮುಖಕ್ಕೆ ಮಷಿನ್ ಎಣ್ಣೆ ಸವರಿ ಬಟ್ಟೆ ಸುತ್ತಿಡಿ. ತುಕ್ಕು ತಿಂದ ಒಂದು ಚುಕ್ಕೆಯೂ ಬಟ್ಟಲಿನ ಮೈಮೇಲೆ ನೂರು ಸಲ ಮೂಡುತ್ತದೆ. ಮನೆಯಲ್ಲಿ ಮೊಳೆ ಹೊಡೆಯುವುದಕ್ಕೆ ಬೇರೊಂದು ಸುತ್ತಿಗೆ ತಂದಿಡಿ, ಇದನ್ನು ಯಾರ ಕೈಗೂ ಕೊಡಬೇಡಿ.