ಫ್ಲೂಕ್ 1587 ಎಫ್‌ಸಿ: ಬೇಡದ ಕಡೆ ಒತ್ತಲು ಬಿಡದ ಮೀಟರ್

ಹುಬ್ಬಳ್ಳಿಯಲ್ಲಿ ಇಲೆಕ್ಟ್ರಿಕ್ ಗಾಡಿ ರಿಪೇರಿ ಮಾಡುತ್ತೇನೆ. ಕರೆಂಟ್ ಹೊರಗೆ ಸೋರದಂತೆ ತಡೆಯುವ ಇನ್ಸುಲೇಶನ್ ಸರಿ ಇದೆಯಾ ಅಂತ ನೋಡುವ ಈ ಮೀಟರ್ ಕೊಂಡು ಎರಡು ಮಳೆಗಾಲ ಕಳೆಯಿತು. ದುಬಾರಿನೇ. ಆದರೂ ಇದನ್ನೇ ಕೊಂಡದ್ದಕ್ಕೆ ಕಾರಣ ಇದೆ.

ಮೊದಲು ನನ್ನ ಹತ್ತಿರ ಒಂದು ಅಗ್ಗದ ಮೆಗ್ಗರ್ ಇತ್ತು, ಅಂದರೆ ಜಾಸ್ತಿ ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್. ಎದುರಿಗೆ ಕರೆಂಟ್ ಇದೆಯಾ ಇಲ್ಲವಾ ನೋಡದೆ 500 ವೋಲ್ಟ್ ಬಿಡುತ್ತಿತ್ತು. ಒಂದು ದಿನ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಬೋರ್ಡ್) ಕನೆಕ್ಟರ್ ತೆಗೆಯದೆ ಬ್ಯಾಟರಿ ಪ್ಯಾಕ್ ಮೇಲೆ ಟೆಸ್ಟ್ ಗುಂಡಿ ಒತ್ತಿಬಿಟ್ಟೆ. ಬೋರ್ಡ್ ಹೋಯಿತು. ತಪ್ಪು ನನ್ನದೇ, ಗಿರಾಕಿಗೆ ಹೊಸ ಬೋರ್ಡ್ ಹಾಕಿಕೊಟ್ಟೆ. ಆವತ್ತು ಬೋರ್ಡ್ ಬದಲು ನನ್ನ ಹುಡುಗನ ಕೈ ಅಲ್ಲಿದ್ದಿದ್ದರೆ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಈ ಮೀಟರ್ 30 ವೋಲ್ಟ್‌ಗಿಂತ ಜಾಸ್ತಿ ಕಂಡರೆ ಎಚ್ಚರಿಕೆ ತೋರಿಸಿ ಟೆಸ್ಟ್ ನಿಲ್ಲಿಸುತ್ತದೆ. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ. ಟೆಸ್ಟ್ ಮುಗಿದ ಮೇಲೆ ವೈರಿನಲ್ಲಿ ಉಳಿದ ಚಾರ್ಜನ್ನೂ ತಾನೇ ಇಳಿಸುತ್ತದೆ. ಟೆಸ್ಟ್ ಗುಂಡಿ ಪ್ರೋಬ್ ಮೇಲೇ ಇರುವುದರಿಂದ ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡೂ ಒತ್ತಬಹುದು.

ಜುಲೈನಲ್ಲಿ ಒಂದು ಟ್ಯಾಕ್ಸಿ ಬಂತು. ಮಳೆಯಲ್ಲಿ ಮಾತ್ರ ನಿಂತುಹೋಗುತ್ತೆ ಅಂದರು ಡ್ರೈವರ್. ಬ್ಯಾಟರಿ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಹತ್ತು ನಿಮಿಷ ಕಾದು, ವೋಲ್ಟೇಜ್ ಸೊನ್ನೆ ಅಂತ ಕಣ್ಣಾರೆ ನೋಡಿ ಏರ್ ಕಂಡೀಷನರ್ ಕಂಪ್ರೆಸರ್ ಬಿಡಿಸಿದೆವು. ಅದರ ಎರಡೂ ಪಿನ್ ಸೇರಿಸಿ, ಅವಕ್ಕೂ ಕಂಪ್ರೆಸರ್‌ನ ಲೋಹದ ಬಾಡಿಗೂ ನಡುವೆ 500 ವೋಲ್ಟ್ ಕೊಟ್ಟೆ. ಎರಡು ಪಿನ್ ಸೇರಿಸಿದರೆ ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಪೆಟ್ಟಾಗುವ ಭಯ ಕಡಿಮೆ. 0.1 ಮೆಗಾಓಂ ಬಂತು. ಎಸಿ-ಡಿಸಿ ಕರೆಂಟ್ ಕೂಡಿದ ಸರ್ಕ್ಯೂಟ್‌ಗೆ ಯುಎನ್ ಆರ್100 (ಇಲೆಕ್ಟ್ರಿಕ್ ಗಾಡಿಗಳ ಸುರಕ್ಷತೆಯ ವಿಶ್ವಸಂಸ್ಥೆ ನಿಯಮ) ಪ್ರಕಾರ ವೋಲ್ಟ್‌ಗೆ ಕನಿಷ್ಠ 500 ಓಂ ಬೇಕು. 320 ವೋಲ್ಟ್ ಗಾಡಿಗೆ 0.16 ಮೆಗಾಓಂ, ಇಲ್ಲಿ ಅಷ್ಟಿರಲಿಲ್ಲ. ಕನೆಕ್ಟರ್ ಒಳಗೆ ಹಸಿರು ಕಿಲುಬು, ಸೀಲ್ ಪಕ್ಕದಲ್ಲಿ ನೀರಿನ ಒಂದು ಹನಿ ಇನ್ನೂ ಕೂತಿತ್ತು.

ಪ್ಯಾಕ್ ವಿಷಯ ಬೇರೆ. ಅದರ ವೋಲ್ಟೇಜ್ ಆಫ್ ಮಾಡಲು ಆಗುವುದಿಲ್ಲ ಅಲ್ವಾ? ಅಲ್ಲಿ ಮೆಗ್ಗರ್ ಬೇಡವೇ ಬೇಡ. ಇದೇ ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸುತ್ತೇನೆ. ಮೊನ್ನೆ ಒಂದು 320 ವೋಲ್ಟ್ ಪ್ಯಾಕ್‌ನಲ್ಲಿ ಮೈನಸ್‌ಗೂ ಗಾಡಿಯ ಲೋಹದ ಬಾಡಿಗೂ ನಡುವೆ 280 ವೋಲ್ಟ್, ಪ್ಲಸ್‌ಗೂ ಬಾಡಿಗೂ ನಡುವೆ 40 ಇತ್ತು. ಅಂದರೆ ಸೋರಿಕೆ ಪ್ಲಸ್ ಕಡೆ. ಮೈನಸ್ ಮತ್ತು ಬಾಡಿ ನಡುವೆ 100 ಕಿಲೋಓಂ ರೆಸಿಸ್ಟರ್ ಕೊಟ್ಟಾಗ 280 ಇದ್ದದ್ದು 238ಕ್ಕೆ ಇಳಿಯಿತು. 320ನ್ನು 238ರಿಂದ ಭಾಗಿಸಿ, ಅದರಲ್ಲಿ 320 ಭಾಗ 280 ಕಳೆದು, ಬಂದದ್ದನ್ನು 100ರಿಂದ ಗುಣಿಸಿದೆ. 20 ಕಿಲೋಓಂ. ಅದೇ ನಿಯಮದಲ್ಲಿ ಬರೀ ಡಿಸಿ ಸರ್ಕ್ಯೂಟ್‌ಗೆ ವೋಲ್ಟ್‌ಗೆ 100 ಓಂ, ಅಂದರೆ 32 ಕಿಲೋಓಂ ಆದರೂ ಇರಬೇಕಿತ್ತು. ಬಿಚ್ಚಿ ನೋಡಿದರೆ ತಳದಲ್ಲಿ ಕೂಲೆಂಟ್ ನಿಂತಿತ್ತು.

ರೆಸಿಸ್ಟರ್ ಮಾತ್ರ ಸುಮ್ನೆ ಸಿಕ್ಕಿದ್ದು ಹಾಕಬೇಡಿ. ಆ 238 ವೋಲ್ಟ್‌ಗೆ ಅದರಲ್ಲಿ ಅರ್ಧ ವಾಟ್‌ಗೂ ಜಾಸ್ತಿ ಶಾಖ ಹುಟ್ಟುತ್ತದೆ, ಕಾಲು ವಾಟಿನದು ಸುಟ್ಟುಹೋಗುತ್ತದೆ. ನಾನು ಎರಡು ವಾಟಿನದನ್ನು ಕೊಳವೆಯಲ್ಲಿ ಮುಚ್ಚಿ, ಎರಡೂ ತುದಿಗೆ ಕವರ್ ಇರುವ ಕ್ಲಿಪ್ ಹಾಕಿಟ್ಟಿದ್ದೇನೆ.

ಇದೇ ಕಂಪನಿಯ 1577ರಲ್ಲಿ ಇನ್ಸುಲೇಶನ್ ಟೆಸ್ಟಿಗೆ 500 ಮತ್ತು 1000 ವೋಲ್ಟ್ ಮಾತ್ರ. ಕಾರು ಮಾತ್ರ ನೋಡುವವರಿಗೆ ಅದು ಸಾಕು. ನನ್ನ ಹತ್ತಿರ ಸ್ಕೂಟರ್‌ಗಳೂ ಬರುತ್ತವೆ, ಅವುಗಳ ವೈರಿಂಗ್‌ಗೆ 50 ಮತ್ತು 100 ಬೇಕಾಗುತ್ತದೆ. ಅದಕ್ಕೇ 1587 ತಗೊಂಡೆ.